ಪಿಡಿಎಫ್‌ನಲ್ಲಿ ಇಲ್ಲದ ಮಗಳು

ರಾಜಾಜಿನಗರದ ಪ್ರೆಸ್ಸೊಂದರಲ್ಲಿ ಇಪ್ಪತ್ತು ವರ್ಷದಿಂದ ಊರವರ ಮದುವೆ, ನಾಮಕರಣ, ತಿಥಿ ಕಾರ್ಡುಗಳನ್ನು ಟೈಪ್ ಮಾಡುತ್ತಿದ್ದೇನೆ. ಯಾರ ಓರಗಿತ್ತಿಯ ಹೆಸರೂ ಬಿಟ್ಟುಹೋಗದಂತೆ ನೋಡಿಕೊಂಡವಳು. ನನ್ನ ಅಪ್ಪನ ವೈಕುಂಠ ಸಮಾರಾಧನೆಯ ಕಾರ್ಡು ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಬಂತು. ಕೆಳಗೆ ತಮ್ಮ, ಅವನ ಹೆಂಡತಿ, ಮಕ್ಕಳು, ಕೊನೆಗೆ ದಾಯಾದಿಗಳ ಹೆಸರೂ ಇತ್ತು. ನನ್ನದು ಇರಲಿಲ್ಲ.

ತಮ್ಮನಿಗೆ ಫೋನ್ ಮಾಡಿದೆ. "ವರ್ಡಲ್ಲಿ ಇದೆ ಅಕ್ಕ, ಪಿಡಿಎಫ್ ಮಾಡೋವಾಗ ಬಿಟ್ಟೋಗಿದೆ," ಅಂದ.

"ಇದೇ ಕೆಲ್ಸ ಮಾಡಿ ಅನ್ನ ತಿನ್ನೋಳ ಕಿವಿಗೆ ಹೂ ಇಡ್ಬೇಡ ಕಣೋ."

ಇದು ಎರಡನೆಯ ಸಲ. ಆರು ವರ್ಷದ ಹಿಂದೆ ಅವನು ಕೆಂಗೇರಿಯಲ್ಲಿ ಮನೆ ಕಟ್ಟಿಸಿದಾಗ ಗೃಹಪ್ರವೇಶದ ಕಾರ್ಡಿನಲ್ಲೂ ನನ್ನ ಹೆಸರಿರಲಿಲ್ಲ. ಜಾತಿ ಬಿಟ್ಟು ಮದುವೆಯಾದ ಅಕ್ಕ ಇವನಿಗೂ ಬೇಡವಾದಳಲ್ಲ ಎಂದು ಮೈಯೆಲ್ಲ ಉರಿದಿತ್ತು. ಆ ಹೊಸ್ತಿಲು ತುಳಿಯಲಿಲ್ಲ, ಅವನ ಜೊತೆ ಮಾತೂ ಬಿಟ್ಟೆ. ಅಪ್ಪ ಮಾತ್ರ ತಿಂಗಳಿಗೊಮ್ಮೆ ನಮ್ಮ ಅನ್ನಪೂರ್ಣೇಶ್ವರಿ ನಗರದ ಪಾರ್ಕಿಗೆ ಬರುತ್ತಿದ್ದರು. ನಾನು ಡಬ್ಬಿಯಲ್ಲಿ ತಂದ ಉಪ್ಪಿಟ್ಟು ತಿನ್ನುತ್ತ, ತಮ್ಮನನ್ನು ನಾನು ಬೈಯುವುದನ್ನೆಲ್ಲ ಕೇಳುತ್ತ ಕೂರುತ್ತಿದ್ದರು.

ಈ ಸಲ ಬಿಡುವುದಿಲ್ಲ ಎಂದು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ತಮ್ಮ ಅಪ್ಪನ ಲ್ಯಾಪ್‌ಟಾಪ್ ನನ್ನ ಮುಂದೆ ಇಟ್ಟ. ವರ್ಡ್ ಫೈಲಿನಲ್ಲಿ ನನ್ನ ಹೆಸರು ಇತ್ತು, ಎಲ್ಲರಿಗಿಂತ ಮೊದಲು. ಪಿಡಿಎಫ್ ಮಾಡಿದೆ. ಮಾಯ. ಫಾಂಟ್ ಕೈಕೊಟ್ಟಿದೆಯೇ ಎಂದು ನೋಡಿದರೆ ಪಕ್ಕದ ಹೆಸರಿಗೂ ಅದೇ ಫಾಂಟು. ಮಾರ್ಜಿನ್ ಸರಿಯಿತ್ತು. ಟೆಕ್ಸ್ಟ್ ಬಾಕ್ಸ್ ಇರಲೇ ಇಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವ ಹಾಗಾಗಬಾರದು ಎಂದು ಕನ್ನಡಕ ಒರೆಸಿ ಮತ್ತೆ ನೋಡಿದೆ. ನನ್ನ ಹೆಸರಿನ ಅಡಿಯಲ್ಲಿ ಮಾತ್ರ ಸಣ್ಣ ಚುಕ್ಕಿಗಳ ಗೆರೆ.

ಅದು ಮುಚ್ಚಿಟ್ಟ ಅಕ್ಷರದ ಗುರುತು. ಹಾಗೆ ಮುಚ್ಚಿಟ್ಟದ್ದು ಪ್ರಿಂಟಿಗೂ ಹೋಗುವುದಿಲ್ಲ, ಪಿಡಿಎಫ್‌ಗೂ ಹೋಗುವುದಿಲ್ಲ. ಗುಪ್ತ ಗುರುತುಗಳನ್ನೆಲ್ಲ ತೋರಿಸುವಂತೆ ಇಟ್ಟುಕೊಂಡರೆ ಪರದೆಯ ಮೇಲೆ ಮಾತ್ರ ಕಾಣುತ್ತದೆ. ಅಪ್ಪ ಆಫೀಸಿನ ಕಾಲದಿಂದಲೂ ಹಾಗೇ ಇಟ್ಟುಕೊಳ್ಳುತ್ತಿದ್ದರು.

"ಬೇಕಂತಲೇ ಮುಚ್ಚಿಟ್ಟಿದೀಯ," ಅಂದೆ.

"ಹಂಗೆ ಮುಚ್ಚಿಡಬಹುದು ಅಂತಾನೇ ನಂಗೊತ್ತಿಲ್ಲ ಅಕ್ಕ. ಗೃಹಪ್ರವೇಶದ ಫೈಲಿಂದ ಹೆಸರುಗಳನ್ನ ಹಾಗೇ ಎತ್ತಿ ಹಾಕ್ದೆ. ಆ ಫೈಲ್ ಮಾಡಿದ್ದು ಅಪ್ಪ. ಪಕ್ಕದಲ್ಲಿ ನಿಂತು ನಿನ್ನ ಹೆಸರೇ ಮೊದ್ಲು ಹೇಳ್ದೆ, ಅವ್ರು ಟೈಪ್ ಮಾಡಿದ್ದೂ ನೋಡ್ದೆ. ಪ್ರಿಂಟಾದ್ಮೇಲೆ ಎಲ್ಲಿ ಅಂತ ಕೇಳಿದ್ರೆ, ಕಂಪ್ಯೂಟರ್ ತಿಂದ್ಹಾಕ್ತು ಅಂದ್ರು."

ಹಳೆಯ ಫೈಲು ತೆರೆದೆ. ಅದೇ ಹೆಸರು, ಅಡಿಯಲ್ಲಿ ಅದೇ ಚುಕ್ಕಿಗಳು.

"ಅಳಿಸಿಲ್ವಲ್ಲ ಅಕ್ಕ, ಇಟ್ಕೊಂಡಿದಾರೆ," ಅಂದ ತಮ್ಮ. ಅವನ ಸಮಾಧಾನ ನನಗೆ ಬೇಕಿರಲಿಲ್ಲ. ಅಳಿಸುವ ಧೈರ್ಯವೂ ಇಲ್ಲದ, ತೋರಿಸುವ ಧೈರ್ಯವೂ ಇಲ್ಲದ ಮನುಷ್ಯ. ಗೋಡೆಯ ಮೇಲಿನ ಅಪ್ಪನ ಫೋಟೋ ನೋಡಲು ಮನಸ್ಸಾಗಲಿಲ್ಲ.

ಹೆಸರನ್ನು ಮುಚ್ಚಿಟ್ಟಿದ್ದ ಟಿಕ್ ತೆಗೆದು ಹೊಸ ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿದೆವು. ತಮ್ಮ ಕಾಫಿ ತಂದಿಟ್ಟ. ಆ ಮನೆಯಲ್ಲಿ ನಾನು ಕುಡಿದ ಮೊದಲ ಕಾಫಿ. ಆರು ವರ್ಷ ಪಾರ್ಕಿನ ಬೆಂಚಿನಲ್ಲಿ ನಾನು ಇವನಿಗೆ ಹಾಕಿದ ಶಾಪವನ್ನೆಲ್ಲ ಅಪ್ಪ ಪೂರ್ತಿ ಕೇಳಿಸಿಕೊಂಡಿದ್ದರು, ಡಬ್ಬಿ ಖಾಲಿಯಾಗುವ ತನಕ.