ಕಾದಂಬರಿಯಲ್ಲಿಲ್ಲದ ಒಂದು ಚೀಟಿ

ಬೆಳಗಿನ ಐದೂವರೆ. ಆಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಗೂ ಔಷಧಿ ಉಗ್ರಾಣಕ್ಕೂ ನಡುವೆ ಇರುವ ಬಟ್ಟೆ ಒಗೆಯುವ ಕೋಣೆಯಲ್ಲಿ ಆಗಲೇ ಹಬೆ ತುಂಬಿದೆ. ಕೈಗವಸು ತೊಟ್ಟ ಹೆಂಗಸೊಬ್ಬರು ವೈದ್ಯರ ಬಿಳಿ ಕೋಟುಗಳನ್ನು ಒಂದೊಂದಾಗಿ ಎತ್ತಿ, ಜೇಬಿಗೆ ಕೈಹಾಕಿ, ಸಿಕ್ಕಿದ್ದನ್ನು ಬೋಗುಣಿಗೆ ಹಾಕುತ್ತಿದ್ದಾರೆ. ಎರಡು ಪೆನ್ನು, ಒಂಟಿ ಕಿವಿಯೋಲೆ, ಕಚ್ಚಿಟ್ಟ ಬಿಸ್ಕತ್ತು. "ಇದು ಮಕ್ಕಳ ವಾರ್ಡಿನ ಕೋಟು. ಅಲ್ಲಿ ಡಾಕ್ಟರುಗಳೂ ಮಕ್ಕಳೇ," ಎಂದು ನಗುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಜೇಬಕ್ಕ. ವಯಸ್ಸು ಐವತ್ತಾರು, ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ. ದಿನಕ್ಕೆ ನಾನೂರು ಹಾಸಿಗೆ ಬಟ್ಟೆ, ನೂರಿಪ್ಪತ್ತು ಕೋಟು, ಲೆಕ್ಕವಿಲ್ಲದಷ್ಟು ದಿಂಬಿನ ಚೀಲ. ಬ್ಲೀಚಿಗೆ ಕೈಬೆರಳ ಗೆರೆಗಳೆಲ್ಲ ಸವೆದಿವೆ. ಹಾಜರಿ ಹಾಕುವ ಯಂತ್ರ ಇವರ ಹೆಬ್ಬೆಟ್ಟನ್ನು ಮೂರು ಸಲ ತಿರಸ್ಕರಿಸಿ ನಾಲ್ಕನೆಯ ಸಲ ಒಪ್ಪಿಕೊಳ್ಳುತ್ತದೆ.

ನಾನು ಇವರನ್ನು ಹುಡುಕಿಕೊಂಡು ಬಂದದ್ದು ಒಂದು ಕಾದಂಬರಿಯ ಜಾಡು ಹಿಡಿದು. ಬರೆದವರು ಇದೇ ಆಸ್ಪತ್ರೆಯ ಅರಿವಳಿಕೆ ವೈದ್ಯೆ. ಸಾಂಕ್ರಾಮಿಕದ ದಿನಗಳಲ್ಲಿ ಮನೆಗೆ ಹೋಗದೆ ಆಸ್ಪತ್ರೆಯಲ್ಲೇ ಉಳಿದ ಮೂವರು ವೈದ್ಯೆಯರ ಗೆಳೆತನದ ಕಥೆ. ಬೇರೆ ಬೇರೆ ಪಾಳಿಯಿಂದಾಗಿ ಒಬ್ಬರ ಮುಖ ಒಬ್ಬರು ಕಾಣದ ಅವರು ಕೋಟಿನ ಜೇಬಿನಲ್ಲಿ ಚೀಟಿ ಇಟ್ಟು ಮಾತಾಡಿಕೊಳ್ಳುತ್ತಾರೆ. ಆ ಚೀಟಿಗಳನ್ನು ದಾಟಿಸುವವಳು ಬಟ್ಟೆ ಒಗೆಯುವ ಹೆಂಗಸು. ಅಂದರೆ ಜೇಬಕ್ಕ. ಆದರೆ ಪುಸ್ತಕದಲ್ಲಿ ಅವಳು ವಿಧವೆ, ಕಿವಿಯೂ ಮಂದ. ನಿಜದ ಜೇಬಕ್ಕನ ಯಜಮಾನರು ಬಸ್ ಚಾಲಕರು, ಗಟ್ಟಿಮುಟ್ಟಾಗಿದ್ದಾರೆ.

"ನಮ್ಮೋರು ಆ ಪುಟ ಓದಿ, 'ಹಾಗಾದ್ರೆ ದಿನಾ ಈ ಮನೇಲಿ ಉಣ್ತಿರೋನು ಯಾರೇ?' ಅಂದ್ರು. ನಾನೇನ್ ಹೇಳ್ಲಿ? ಕಿವಿ ಕೇಳ್ಸಲ್ಲ ಅಂದ್ಬಿಟ್ಟೆ."

ನಗು ನಿಂತ ಮೇಲೆ ಅವರೇ ನನ್ನನ್ನು ಕೇಳುತ್ತಾರೆ: "ಮೇಡಂ, ನೀವು ಓದಿದೋರು. ಕಥೆ ಅಂದ್ರೆ ನಿಜಾನಾ, ಸುಳ್ಳಾ? ಅರ್ಧರ್ಧ ಇದ್ರೆ ಯಾವ ಅರ್ಧಕ್ಕೆ ಅಳಬೇಕು?"

ನಿಜದ ಅರ್ಧ ಇದು. ಅರಿವಳಿಕೆಯ ಡಾಕ್ಟರು, ಮಕ್ಕಳ ಡಾಕ್ಟರು, ಹೆರಿಗೆ ಡಾಕ್ಟರು ಓದುವ ದಿನಗಳಿಂದ ಜೀವದ ಗೆಳತಿಯರು. ಆರು ತಿಂಗಳು ಜೇಬಕ್ಕ ಅವರ ಚೀಟಿಗಳಿಗೆ, ಸೋಂಕು ಸಾಯಲೆಂದು, ಇಸ್ತ್ರಿ ತಾಗಿಸಿ, ಒಗೆದ ಕೋಟುಗಳಲ್ಲಿಟ್ಟು ತಲುಪಿಸಿದರು. ಒಂದು ದಿನ ಖಾಲಿ ಇದ್ದದ್ದು ಒಂದೇ ವೆಂಟಿಲೇಟರ್. ಹದಿನಾರರ ಹುಡುಗಿಗೆ ಕೊಡಿ ಎಂದು ಮಕ್ಕಳ ಡಾಕ್ಟರು ಹಟ ಹಿಡಿದರು. ಅರಿವಳಿಕೆಯ ಡಾಕ್ಟರು ಅದನ್ನು ಮೂರು ಮಕ್ಕಳ ತಾಯಿಗೆ ಹಾಕಿದರು. ಇಬ್ಬರು ರೋಗಿಗಳೂ ಉಳಿಯಲಿಲ್ಲ. ಗೆಳತಿಯರ ಮಾತು ನಿಂತಿತು, ಚೀಟಿಯೂ ನಿಂತಿತು.

ಒಂಬತ್ತನೆಯ ದಿನ ಮಕ್ಕಳ ಡಾಕ್ಟರಿಗೇ ಸೋಂಕು ತಗುಲಿತು. ಅವರನ್ನು ಗಾಲಿ ಮಂಚದಲ್ಲಿ ಕರೆದೊಯ್ಯುವಾಗ ಜೇಬಕ್ಕ ಮೊಗಸಾಲೆಯ ಗೋಡೆಗೆ ಒತ್ತಿ ನಿಂತಿದ್ದರು.

"ನನ್ನ ಕಡೆ ನೋಡಿದ್ರು. ಮಾತಾಡೋಕೆ ಉಸಿರಿರ್ಲಿಲ್ಲ. ಕೋಟಿನ ಜೇಬು ತಟ್ಟಿದ್ರು, ಎರಡು ಸಲ. ನಂಗೆ ಅರ್ಥ ಆಯ್ತು."

ಕೋಟು ಬಂದದ್ದು ಬಾಯಿ ಬಿಗಿದ, ಬಿಸಿನೀರಲ್ಲಿ ಕರಗುವ ಹಳದಿ ಚೀಲದಲ್ಲಿ. ಸೋಂಕಿನ ಚೀಲ ಬಿಚ್ಚುವಂತಿಲ್ಲ, ಹಾಗೇ ಬಿಸಿ ಬ್ಲೀಚಿನ ತೊಟ್ಟಿಗೆ ಬಿಡಬೇಕು. ಅದೇ ವಾರ ಈ ಕೋಣೆಯ ಇಬ್ಬರು ಕೆಲಸದವರು ಸೋಂಕು ತಗುಲಿ ಮಲಗಿದ್ದರು, ಒಬ್ಬರು ತೀರಿಹೋಗಿದ್ದರು. ಜೇಬಕ್ಕ ಚೀಲ ಹಿಡಿದು ತುಂಬ ಹೊತ್ತು ನಿಂತರು. ಆಮೇಲೆ ತೊಟ್ಟಿಗೆ ಬಿಟ್ಟರು. ಒಗೆದು ಬಂದ ಕೋಟಿನ ಜೇಬಿನಲ್ಲಿದ್ದದ್ದು ಕಾಗದದ ಒಂದು ಉಂಡೆ, ಶಾಯಿಯ ಗುರುತೂ ಇಲ್ಲ. ನಾಲ್ಕು ದಿನಕ್ಕೆ ಮಕ್ಕಳ ಡಾಕ್ಟರು ಹೋದರು.

"ನಾನು ಹೆದರಿದ್ನಾ, ನಿಯಮ ಪಾಲಿಸಿದ್ನಾ? ಇವತ್ತಿಗೂ ಗೊತ್ತಾಗಿಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಕಾದಂಬರಿ ಬಂತು. ಲೇಖಕಿಯೇ ಒಂದು ಪ್ರತಿ ಕೊಟ್ಟರು. ಅಕ್ಷರ ಕೂಡಿಸಿ ಓದುವ ಜೇಬಕ್ಕ ದಿನಕ್ಕೆರಡು ಪುಟದಂತೆ ಸಾಗಿ ಒಂದು ಸಾಲಿಗೆ ಬಂದು ನಿಂತರು: ಗೆಳತಿ ನನಗೊಂದು ಮಾತನ್ನೂ ಉಳಿಸದೆ ಹೊರಟುಹೋದಳು. ಒಂದು ವಾರ ಮುಂದಿನ ಪುಟ ತಿರುವಲಾಗಲಿಲ್ಲ. ಹೇಳಿದರೆ ಆರಿದ ಗಾಯ ಕೆದಕಿದಂತೆ, ಹೇಳದಿದ್ದರೆ ಸುಳ್ಳಿಗೆ ಕಾವಲು ನಿಂತಂತೆ. ಗಂಡ ಹೇಳು ಎಂದರು, ಮಗಳು ಸುಮ್ಮನಿರಮ್ಮ ಎಂದಳು. ಕಳೆದ ತಿಂಗಳು ಒಂದು ಬೆಳಿಗ್ಗೆ, ಕೋಟು ಕೊಡಲು ಬಂದ ಅರಿವಳಿಕೆಯ ಡಾಕ್ಟರನ್ನು ಕೂರಿಸಿ ಎಲ್ಲ ಹೇಳಿಬಿಟ್ಟರು.

ಡಾಕ್ಟರು ಮೇಲೆದ್ದರು. ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ನನಗೇ ಅಂತ ಹೇಗೆ ಗೊತ್ತು? ಹೆರಿಗೆ ಡಾಕ್ಟರಿಗೆ ಬರೆದಿರಬಹುದಲ್ಲ?"

"ಅವರು ಅವತ್ತು ಪಕ್ಕದಲ್ಲೇ ಮಂಚ ತಳ್ತಾ ಇದ್ರು ಮೇಡಂ. ಅವರಿಗಾದ್ರೆ ಚೀಟಿ ಯಾಕೆ?"

ಡಾಕ್ಟರು ಚಾದರಗಳ ರಾಶಿಯ ಮೇಲೆ ಕೂತರು. ಆ ಗಳಿಗೆಯ ಬಗ್ಗೆ ಅವರು ನನ್ನೊಂದಿಗೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ: "ಚೀಲ ಬಿಚ್ಚಬಾರದಿತ್ತಾ ಅಂತ ಸಿಟ್ಟು ಬಂತು. ಬಿಚ್ಚಿದ್ರೆ ಇವರೇ ಇರ್ತಿರಲಿಲ್ಲವೇನೋ ಅಂತ ಭಯಾನೂ ಆಯ್ತು. ಚೀಟೀಲಿ ಅವಳು ನನ್ನ ಬೈದಿದ್ರೂ ಬೈದಿರಬಹುದು. ಆದ್ರೆ ಬರೆದಿದ್ಲು." ಮುಂದಿನ ಮುದ್ರಣದಲ್ಲಿ ಆ ಸಾಲು ತೆಗೆಯುತ್ತೀರಾ ಎಂದರೆ ತಲೆ ಅಲ್ಲಾಡಿಸುತ್ತಾರೆ. ಹೌದೋ ಅಲ್ಲವೋ, ನನಗೆ ತಿಳಿಯುವುದಿಲ್ಲ.

ಈಗ ಭಾನುವಾರ ಬೆಳಿಗ್ಗೆ ಪಾಳಿ ಮುಗಿಸಿ ಡಾಕ್ಟರು ಈ ಕೋಣೆಗೆ ಬರುತ್ತಾರೆ. ಇಬ್ಬರೂ ಚಹಾ ಕುಡಿಯುತ್ತಾ ಚಾದರ ಮಡಚುತ್ತಾರೆ. ತಪ್ಪು ಮನ್ನಾ ಆಯಿತೇ ಎಂದು ಜೇಬಕ್ಕ ಕೇಳಿಲ್ಲ, ಡಾಕ್ಟರೂ ಹೇಳಿಲ್ಲ.

"ಅವರಿಗೆ ಮಡಚೋಕೆ ಬರಲ್ಲ ಮೇಡಂ, ಮೂಲೆ ಕೂಡಿಸೋದೇ ಇಲ್ಲ," ಎನ್ನುತ್ತಾರೆ ಜೇಬಕ್ಕ, ದನಿ ತಗ್ಗಿಸಿ. "ಅವರು ಹೋದ್ಮೇಲೆ ಎಲ್ಲಾ ಬಿಚ್ಚಿ ಮತ್ತೆ ಮಡಚ್ತೀನಿ. ಅವರ್ಗೆ ಹೇಳ್ಬೇಡಿ. ಪಾಪ, ಬರ್ತಾ ಇರ್ಲಿ."