ಸೈದಾದ ಹಸೀಬಾ, ಆಚೆ ದಡದ ಮರಿಯಾನ್

ಬೈರೂತಿನ ತೆಂಕಣ ಕಡಲತೀರದ ಸೈದಾ ಪಟ್ಟಣದ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದ ಹಸೀಬಾ ಬಲೆ ಹೆಣೆಯುವವನ ಮಗಳು. ಮನೆಯಲ್ಲಿ ಅರಬ್ಬಿ, ಶಾಲೆಯಲ್ಲಿ ಫ್ರೆಂಚ್. ಕನಸು ಎರಡರಲ್ಲೂ ಬೀಳುತ್ತಿತ್ತು. ಮದುವೆಯ ಮಾತೆತ್ತಿದವರಿಗೆಲ್ಲ "ಕಾದಂಬರಿ ಮುಗೀಲಿ" ಎನ್ನುತ್ತಿದ್ದಳು. ಅದು ಮುಗಿಯುವ ಹೊತ್ತಿಗೆ ಕೇಳುವವರೂ ಸುಮ್ಮನಾಗಿದ್ದರು.

ಸೈದಾದ ಬೆಸ್ತ ಹೆಂಗಸರ ಕಥೆ ಅದು. ಫ್ರೆಂಚಿನಲ್ಲಿ ಬರೆದು ಪ್ಯಾರಿಸ್ಸಿಗೆ ಕಳಿಸಿದ್ದಳು. ಬೇಸಿಗೆಯಲ್ಲಿ ಬೈರೂತಿಗೆ ಬಂದ ಪ್ರಕಾಶಕ ಅವಳನ್ನು ಕರೆಸಿ ಕಾಫಿ ಕುಡಿಸಿದ.

"ಚೆನ್ನಾಗಿದೆ. ಆದ್ರೆ ನಮ್ಮ ಓದುಗರಿಗೆ ಅರಬ್ಬರ ನಾಡಿನ ಸೊಗಡು ಬೇಕು. ಒಂದು ಜನಾನಾ, ನಾಲ್ಕು ಒಂಟೆ ಸೇರಿಸಿ. ನಾಳೇನೇ ಅಚ್ಚಿಗೆ ಹಾಕ್ತೀನಿ."

"ನಮ್ಮೂರ ಬೆಸ್ತರು ಒಂಟೆ ಮೇಲೆ ಕೂತು ಬಲೆ ಬೀಸಲ್ಲ ಸ್ವಾಮಿ," ಎಂದು ಹಸೀಬಾ ಹಸ್ತಪ್ರತಿಯ ಕಟ್ಟನ್ನು ಬಗಲಿಗಿಟ್ಟುಕೊಂಡು ಎದ್ದು ಬಂದಳು. ಬಸ್ಸಿನಲ್ಲಿ ಸೈದಾ ಮುಟ್ಟುವವರೆಗೂ ಅತ್ತಳು.

ಅತ್ತು ಹಗುರಾದ ಮೇಲೆ ಬೇರೊಂದು ಯೋಚನೆ ಬಂತು. ಅವರಿಗೆ ನಾವೆಂದರೆ ಒಂಟೆ. ನಮಗೆ ಅವರೆಂದರೇನು? ಸೆಂಟು, ಸಿಪಾಯಿ, ಕುಣಿತ. ಮೊದಲು ನಮ್ಮ ಕಣ್ಣಿನ ಪೊರೆ ತೆಗೆಯೋಣ ಎಂದುಕೊಂಡು, ಫ್ರಾನ್ಸಿನ ಪಶ್ಚಿಮ ಕರಾವಳಿಯ ಒಂದು ಕಾದಂಬರಿಯನ್ನು ಅರಬ್ಬಿಗೆ ತಂದಳು. ಗ್ರಾಂಥಿಕ ಅರಬ್ಬಿಗಲ್ಲ, ಸೈದಾದ ಬಂದರಿನ ಮಾತಿಗೆ. ಕಡಲಲ್ಲಿ ಗಂಡನನ್ನು ಕಳೆದುಕೊಂಡ ಮರಿಯಾನ್ ಎಂಬ ಹೆಂಗಸು ಅವನ ದೋಣಿಯನ್ನು ತಾನೇ ಕಡಲಿಗಿಳಿಸುವ ಕಥೆ. ಅಚ್ಚಿಗೆಂದು ಕೊಟ್ಟರೆ ಬೈರೂತಿನ ಪತ್ರಿಕೆಯವರು "ಬೀದಿ ಭಾಷೆ" ಎಂದು ಮೂಗು ಮುರಿದರು.

ಹಸೀಬಾ ನೇರವಾಗಿ ಬಂದರಿನ ಕಾಫಿ ಅಂಗಡಿಗೆ ಹೋದಳು. ಮಾಲೀಕ ಅಬು ಶಾಕಿರ್ ಗಾಬರಿಯಾದ.

"ಟೀಚರಮ್ಮ, ಇಲ್ಲಿ ಗಂಡಸರು ಹುಕ್ಕಾ ಸೇದ್ತಾರೆ."

"ಸೇದ್ಲಿ ಕಾಕಾ. ಕಿವಿಯಿಂದ ಸೇದಲ್ವಲ್ಲ. ನಾನು ಕಥೆ ಓದ್ತೀನಿ."

ಸಂಜೆ ಓದತೊಡಗಿದಳು. ಮೂಲೆಯಲ್ಲಿದ್ದ ಬೆಸ್ತನೊಬ್ಬ ಗಹಗಹಿಸಿದ. "ಫ್ರಾನ್ಸಿನ ಹೆಂಗಸು ಬೂತಾಯಿ ಮೀನು ಹಿಡೀತಾಳಂತೆ! ಬುರುಡೆ ಬಿಡೋಕೂ ಒಂದು ಮಿತಿ ಬೇಡ್ವಾ?"

ಬಾಗಿಲಲ್ಲಿ ಖಾಲಿ ಬುಟ್ಟಿ ಹಿಡಿದು ನಿಂತಿದ್ದ ಮೀನು ಮಾರುವ ಉಮ್ಮ್ ಖಲೀಲ್ ಗದರಿದಳು. "ಬಾಯ್ ಮುಚ್ಚೋ! ಅವಳು ಹಿಡಿದಿದ್ದು ಸುಳ್ಳಂತೆ, ನೀನು ಹಿಡಿದಿದ್ದನ್ನ ಯಾವನೋ ನೋಡಿದ್ದು? ನೀನು ಓದು ಮಗಳೇ."

ಹಾಗೆಂದವಳೇ ಒಳಗೆ ಬಂದು, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂತಳು. ಆ ಅಂಗಡಿಯಲ್ಲಿ ಹೆಂಗಸೊಬ್ಬಳು ಹಾಗೆ ಕೂತದ್ದು ಯಾರ ನೆನಪಿನಲ್ಲೂ ಇರಲಿಲ್ಲ. ಅಬು ಶಾಕಿರ್ ಒಂದು ಗಳಿಗೆ ತಡವರಿಸಿ, ಅವಳ ಮುಂದೆಯೂ ಕಾಫಿ ಇಟ್ಟ. ಮರುಸಂಜೆ ಅವಳ ಹಿಂದೆ ಬೆಸ್ತರ ಕೇರಿಯ ಹೆಂಗಸರೆಲ್ಲ ಬಂದರು.

ಬಂದರಿನ ಯಜಮಾನರು ಮರಿಯಾನಳ ದೋಣಿಯನ್ನು ಕಟ್ಟಿಹಾಕುವ ಭಾಗ ಬಂದಾಗ ಗಂಡಸರು ಹುಕ್ಕಾ ಕೆಳಗಿಟ್ಟು ಮುಂದಕ್ಕೆ ಬಾಗಿದರು. ಉಮ್ಮ್ ಖಲೀಲ್ ತಡೆಯಲಾರದೆ ಎದ್ದು ನಿಂತು ಕೂಗಿದಳು: "ಹಗ್ಗ ಕತ್ತರಿಸೇ ತಾಯಿ! ಏನು ನೋಡ್ತಾ ನಿಂತಿದ್ದೀಯ?"

ಮುಂದಿನ ಸಾಲಿನಲ್ಲಿ ಮರಿಯಾನ್ ಹಗ್ಗ ಕತ್ತರಿಸಿದಳು. ಮೇಜುಗಳ ಮೇಲೆ ಗುದ್ದುಗಳು ಬಿದ್ದವು. ಹೆಂಗಸರು ನಾಲಿಗೆ ಹೊರಳಿಸಿ, ಅಲ್ಲಿಯ ಮದುವೆ ಮನೆಗಳ ಹಾಗೆ, ಲು ಲು ಲು ಎಂದು ಉಲಿದರು. ಗಹಗಹಿಸಿದ್ದ ಬೆಸ್ತನೇ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತ "ಇನ್ನೊಂದ್ಸಲ ಓದಮ್ಮ" ಎಂದ.

ಹಸೀಬಾ ಮನೆಗೆ ಬಂದು ತನ್ನ ಕಾದಂಬರಿಗೆ ಹೊಸದೊಂದು ಅಧ್ಯಾಯ ಬರೆದಳು: ಫ್ರಾನ್ಸಿನ ಬೆಸ್ತ ವಿಧವೆಗಾಗಿ ಸೈದಾದ ಕಾಫಿ ಅಂಗಡಿ ಜಗಳಕ್ಕೆ ನಿಂತ ಕಥೆ. ಈ ಸಲ ಕಳಿಸಿದ್ದು ಪ್ಯಾರಿಸ್ಸಿಗಲ್ಲ, ಮರಿಯಾನಳ ಕರಾವಳಿಯದೇ ಒಂದು ಸಣ್ಣ ಮುದ್ರಣಾಲಯಕ್ಕೆ. ಅವರು ಒಂದಕ್ಷರವನ್ನೂ ಬದಲಿಸದೆ ಅಚ್ಚು ಹಾಕಿ, ಓದಲು ಅವಳನ್ನೇ ಕರೆಸಿಕೊಂಡರು.

ಅಲ್ಲಿಯ ಸಭಾಂಗಣದಲ್ಲಿ ಕೂತವರು ಬೂತಾಯಿ ಡಬ್ಬಿ ತುಂಬುವ ಹೆಂಗಸರು. ಹಸೀಬಾ ಹೊಸ ಅಧ್ಯಾಯವನ್ನೇ ತೆರೆದು ಓದತೊಡಗಿದಳು. ಉಮ್ಮ್ ಖಲೀಲಳ ಬೈಗುಳ ಬಂದದ್ದೇ ತಡ, ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಓದು ಮುಗಿದಾಗ ಎಲ್ಲರೂ ಎದ್ದು ನಿಂತರು, ಚಪ್ಪಾಳೆ ನಿಲ್ಲಲೊಲ್ಲದು. ಇವೊನ್ ಎಂಬ ಮುದುಕಿ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡಳು.

"ಆ ಮೀನಿನವಳು ನಿಜವಾಗ್ಲೂ ಇದ್ದಾಳಾ?"

"ಇದ್ದಾಳಜ್ಜಿ. ಬುಟ್ಟಿ ಸಮೇತ."

"ಹಾಗಾದ್ರೆ ನಾನು ಅವಳನ್ನ ನೋಡ್ಲೇಬೇಕು."

ಮುದುಕಿ ಮಾತಿಗೆ ತಪ್ಪಲಿಲ್ಲ. ಮರುವರ್ಷ ವಸಂತದಲ್ಲಿ ಗೆಳತಿಯರನ್ನು ಕಟ್ಟಿಕೊಂಡು ಹಡಗು ಹತ್ತಿ ಬಂದೇಬಿಟ್ಟಳು. ಸೈದಾದ ಮೀನು ಕಟ್ಟೆಯಲ್ಲಿ ಜನ ಜಾತ್ರೆಯ ಹಾಗೆ ನೆರೆದರು. ಇವೊನ್ ಬೂತಾಯಿಯ ಕಿವಿರು ಎತ್ತಿ ನೋಡಿ, ಮೂಗು ಸುಕ್ಕಿಸಿ ಏನೋ ಅಂದಳು. ಉಮ್ಮ್ ಖಲೀಲ್ ಸೊಂಟಕ್ಕೆ ಕೈಯಿಟ್ಟು ಮುಗಿಬಿದ್ದಳು. ಒಬ್ಬಳದು ಫ್ರೆಂಚು, ಒಬ್ಬಳದು ಅರಬ್ಬಿ, ಚೌಕಾಸಿ ಕಾವೇರಿತು. ಹಸೀಬಾ ಮಾತು ದಾಟಿಸಲು ನಡುವೆ ಬಾಯಿ ಹಾಕಿದಳು.

"ನೀನು ಸ್ವಲ್ಪ ಸುಮ್ನಿರ್ತೀಯಾ ಮಗಳೇ?" ಉಮ್ಮ್ ಖಲೀಲ್ ಅವಳನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿದಳು. "ಇವಳು ಹೇಳೋದೆಲ್ಲ ನಂಗೆ ಅರ್ಥ ಆಗ್ತಿದೆ."

ಹಸೀಬಾ ಉಪ್ಪಿನ ಮೂಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಷ್ಟೋ ವರ್ಷ ಒಬ್ಬಳೇ ಕೂತು ಬರೆದದ್ದೆಲ್ಲ ಇದಕ್ಕಾಗಿಯೇ ಇದ್ದಿರಬೇಕು ಎನಿಸಿತು.