ನಾನು ಕತ್ತರಿಸಿದ ಗಂಟು

೨೦೧೪ರ ಬೇಸಿಗೆಯಲ್ಲಿ ನಾನು ಡಲ್ಲಾಸ್‌ನ ಒಂದು ಖಾಸಗಿ ಲ್ಯಾಬಿನಲ್ಲಿ ಹೊಲಿಗೆ ಸಹಾಯಕಿಯಾಗಿದ್ದೆ. ಲ್ಯಾಬ್ ಎಂದರೆ ರಕ್ತ ಪರೀಕ್ಷೆಯದಲ್ಲ. ಮ್ಯೂಸಿಯಂಗಳ ಹಳೆಯ ಬಟ್ಟೆ, ಪರದೆ, ಪೋಷಾಕು ಇನ್ನಷ್ಟು ಹಾಳಾಗದಂತೆ ಕಾಪಾಡಿ ಕೊಡುವ ಜಾಗ. ಈ ವಿದ್ಯೆ ಓದಿದವರನ್ನು ಕನ್ಸರ್ವೇಟರ್ ಎನ್ನುತ್ತಾರೆ. ನಾನು ಓದಿದವಳಲ್ಲ, ಧಾರವಾಡದಲ್ಲಿ ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಅದೇ ಬೇಸಿಗೆಯಲ್ಲಿ, ಆ ಲ್ಯಾಬಿನ ಟೇಬಲ್ಲಿನ ಮುಂದೆ ಕುಳಿತಿದ್ದಾಗಲೇ, ನಾನು ಅಜ್ಜಿಯಾದೆ. ಇದನ್ನು ಬರೆಯುವಾಗ ಈಗಲೂ ನನ್ನ ಮುಖದ ತುಂಬ ನಗು. ಆದರೆ ನಾನು ಹೇಳಬೇಕಾದ ಸಂಗತಿ ನಗುವಿನದಲ್ಲ.

ನನ್ನ ಕೈಯಲ್ಲಿದ್ದದ್ದು ಅವ್ವ ಕಲಿಸಿದ ಕಸೂತಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಅಡಗಿಸುತ್ತೇವೆ. ಗವಂತಿ ಹೊಲಿಗೆಯಾದರೆ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ನಾನು ಚಿಕ್ಕವಳಿದ್ದಾಗ ಹೊಲಿದದ್ದನ್ನು ತೋರಿಸಿದರೆ ಅವ್ವ ಮುಂದಿನ ಚಿತ್ತಾರ ನೋಡುತ್ತಲೇ ಇರಲಿಲ್ಲ. ತಿರುಗಿಸಿ ಹಿಂದೆ ನೋಡುತ್ತಿದ್ದಳು. ಅಲ್ಲೊಂದು ಗಂಟು ಸಿಕ್ಕರೆ ಬೆರಳ ಗಿಣ್ಣಿಗೆ ಗಜಕಡ್ಡಿಯ ಏಟು.

ಅಮೆರಿಕಕ್ಕೆ ಬಂದ ಮೇಲೆ ಡಲ್ಲಾಸ್ ಪಕ್ಕದ ಯೂಲೆಸ್‌ನ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಹನ್ನೊಂದು ವರ್ಷ ಪ್ಯಾಂಟು ಗಿಡ್ಡ ಮಾಡಿದೆ, ಜಿಪ್ ಹಚ್ಚಿದೆ. ಮೈಸೂರಿನ ಹುಡುಗಿ ಶಾಲಿನಿ ಅಲ್ಲಿಗೆ ತನ್ನ ಹರಿದ ರೇಷ್ಮೆ ಸೀರೆ ತಂದಳು. ಅವಳು ಓದಿದ ಕನ್ಸರ್ವೇಟರ್. ನಾನು ರಫೂ ಮಾಡಿ ಕೊಟ್ಟ ಜಾಗವನ್ನು ಅವಳಿಗೆ ಹುಡುಕಲಾಗಲಿಲ್ಲ. ಒಂದು ತಿಂಗಳಲ್ಲಿ ತನ್ನ ಜವಾಬ್ದಾರಿಯ ಮೇಲೆ ನನ್ನನ್ನು ಲ್ಯಾಬಿಗೆ ಸೇರಿಸಿದಳು. ಸರ್ಟಿಫಿಕೇಟ್ ಇಲ್ಲದವಳನ್ನು ಸೇರಿಸಿಕೊಂಡದ್ದು ಅದೇ ಮೊದಲಂತೆ.

ಮೊದಲ ವಾರವೇ ಅವಳು ತಮಾಷೆ ಮಾಡಿದಳು: “ಆಂಟಿ, ಏನು ಕೊಟ್ರೂ ತಿರುಗಿಸಿ ಹಿಂದುಗಡೆ ನೋಡ್ತೀರಲ್ಲ, ಅಳಿಯನ್ನೂ ಹಿಂಗೇ ನೋಡಿ ಒಪ್ಕೊಂಡ್ರಾ?”

“ಹೂನವಾ. ಹಿಂದ ನೋಡೇ ಒಪ್ಪೀನಿ. ಮುಂದ ನೋಡಿದ್ರ ಒಪ್ತಿದ್ದಿಲ್ಲ.”

ಆ ಬೇಸಿಗೆ ಬಂದದ್ದು ಒಂದು ಕೌದಿ. ಸುಮಾರು ನಾಲ್ಕುನೂರು ವರ್ಷ ಹಳೆಯದು. ಬಿಳಿ ಹತ್ತಿ ಬಟ್ಟೆಯ ಮೇಲೆ ಹಳದಿ ಟಸ್ಸಾರಿನ, ಅಂದರೆ ಕಾಡುರೇಷ್ಮೆಯ, ಸರಪಳಿ ಹೊಲಿಗೆ. ಬಂಗಾಳದಲ್ಲಿ ಪೋರ್ಚುಗೀಸ್ ವ್ಯಾಪಾರಿಗಳು ಹೇಳಿ ಮಾಡಿಸಿದ್ದು. ಅವರು ಇಂಥವನ್ನು ಹಡಗಿನಲ್ಲಿ ತಮ್ಮ ದೇಶಕ್ಕೆ ಒಯ್ಯುತ್ತಿದ್ದರು. ಹ್ಯಾಟು ಹಾಕಿದ ಗಂಡಸರು, ಬೇಟೆನಾಯಿಗಳು, ಮೀನುಬಾಲದ ಹೆಂಗಸರು, ಒಂದು ಮೂಲೆಯಲ್ಲಿ ದೋಣಿ. ದೋಣಿಯ ಮೊದಲ ಮೂವರಿಗೆ ಕೈಯೂ ಇದೆ, ಹುಟ್ಟೂ ಇದೆ. ನಾಲ್ಕನೆಯವನಿಗೆ ಎದೆಯವರೆಗೆ ಮಾತ್ರ ಹೊಲಿಗೆ. ಅಲ್ಲಿಂದ ಮುಂದೆ ಬೇರೆ ಕೈ. ಹೊಲಿಗೆ ಒರಟು, ಸರಪಳಿಯ ಕೊಂಡಿ ದೊಡ್ಡದು, ಎಳೆತ ಬಿಗಿ. ಆ ಕೈ ನಾಲ್ಕನೆಯವನನ್ನು ಮುಗಿಸಲೂ ಇಲ್ಲ. ಅವನ ಮೇಲೆಯೇ ಒಂದು ಬಳ್ಳಿ ಹರಿಸಿ ಮೂಲೆ ಮುಚ್ಚಿಬಿಟ್ಟಿತ್ತು.

ಮುಂದಿನಿಂದ ನೋಡಿದವರಿಗೆ ಅದು ಬಳ್ಳಿ. ಹಿಂದೆ ಹಚ್ಚಿದ ಅಸ್ತರಿ ಬಟ್ಟೆ ಬಿಚ್ಚಿದಾಗ ಕಂಡದ್ದು ಬೇರೆ. ಎದೆಯ ಹತ್ತಿರ ಒಂದು ಗಂಟು: ಮೊದಲಿನವರ ಕಡೆಯ ದಾರಕ್ಕೆ ಎರಡನೆಯವರ ಮೊದಲ ದಾರ ಕಟ್ಟಿದ್ದು. ಎರಡು ಬಾಲ ಹೊರಗೆ ಚಾಚಿಕೊಂಡಿದ್ದವು, ಒಂದೊಂದೂ ಉಗುರಿನಷ್ಟು ಉದ್ದ. ನಾನೇ ಮೊದಲು ನೋಡಿ ತೋರಿಸಿದವಳು.

ಶಾಲಿನಿ ಕುರ್ಚಿ ಎಳೆದುಕೊಂಡು ಕುಳಿತು ನನಗೆ ಇತಿಹಾಸ ಹೇಳಿದಳು. ಹೂಗ್ಲಿ ನದಿಯ ದಂಡೆಯಲ್ಲಿ ಪೋರ್ಚುಗೀಸರ ಊರಿತ್ತು, ಇಂಥ ಕೌದಿಗಳು ಹಡಗೇರುತ್ತಿದ್ದದ್ದು ಅಲ್ಲಿಂದಲೇ. ಮೊಗಲರ ಅನುಮತಿಯಿಂದಲೇ ನೆಲೆ ಊರಿದವರು. ವ್ಯಾಪಾರದ ಜೊತೆಗೆ ಅವರಲ್ಲಿ ಕೆಲವರು ನದಿಯ ಹಳ್ಳಿಗಳಿಂದ ಜನರನ್ನು ಹಿಡಿದು ಗುಲಾಮರಾಗಿ ಮಾರುತ್ತಿದ್ದರು. ೧೬೩೨ರಲ್ಲಿ ಷಹಜಹಾನನ ಸೈನ್ಯ ಊರನ್ನು ತಿಂಗಳುಗಟ್ಟಲೆ ಮುತ್ತಿ ಹಾಳುಗೆಡವಿತು. ಸಾವಿರಾರು ಜನರನ್ನು ಸೆರೆ ಹಿಡಿದು ಆಗ್ರಾಕ್ಕೆ ನಡೆಸಿಕೊಂಡು ಹೋದರು. ಹೆಂಗಸರು, ಮಕ್ಕಳು ಸಹ.

“ಹೊಲಿದವರು ಏನಾದ್ರವಾ?”

“ಅದನ್ನ ಯಾರೂ ಬರೆದಿಟ್ಟಿಲ್ಲ ಆಂಟಿ. ಅದಕ್ಕೆ ಉತ್ತರ ಸಿಗೋದಾದ್ರೆ ಈ ಗಂಟಿನಲ್ಲೇ.”

ಅವಳ ಲೆಕ್ಕಾಚಾರ ಹೀಗಿತ್ತು. ಎರಡನೆಯ ದಾರವೂ ಅದೇ ಕಾಡುರೇಷ್ಮೆಯಾದರೆ ಕೌದಿಯನ್ನು ಅಲ್ಲೇ ಇನ್ನೊಬ್ಬರು ಮುಗಿಸಿದ್ದು. ಸಾಕಿದ ಹುಳುವಿನ ರೇಷ್ಮೆಯಾಗಿ, ಅದರ ಬಣ್ಣ ಯುರೋಪಿನದಾದರೆ, ಅರ್ಧ ಹೊಲಿದದ್ದನ್ನು ಯಾರೋ ಎತ್ತಿಕೊಂಡು ಓಡಿದ್ದಾರೆ, ಸಮುದ್ರದ ಆಚೆ ಮುಗಿಸಿದ್ದಾರೆ ಎನ್ನಬಹುದು. ಪರೀಕ್ಷೆ ಮಾಡುವ ಲ್ಯಾಬ್ ಆಸ್ಟಿನ್‌ನಲ್ಲಿತ್ತು. ಮುಂಬದಿಯ ಹೊಲಿಗೆಯಿಂದ ಒಂದು ಎಳೆಯನ್ನೂ ತೆಗೆಯಕೂಡದೆಂದು ಕೌದಿಯ ಮಾಲೀಕರ ಕರಾರು. ಹಿಂದೆ ಸಡಿಲವಾಗಿ ನಿಂತ ತುದಿಯಿದ್ದರೆ ಮಾತ್ರ ಸ್ಯಾಂಪಲ್ ತೆಗೆಯಬಹುದು. ಇಡೀ ಕೌದಿಯಲ್ಲಿ ಅಂಥ ಜಾಗ ಅದೊಂದೇ. ಶಾಲಿನಿ ಅಲ್ಲಿ ಕಾಂಟ್ರ್ಯಾಕ್ಟ್ ಮೇಲಿದ್ದಳು. ಈ ಸಂಶೋಧನೆ ಕೈಗೂಡಿದರೆ ಕಾಯಂ ಮಾಡುವ ಮಾತಾಗಿತ್ತು.

“ನಾಳೆ ಬೆಳಗ್ಗೆ ಫೋಟೋ ತೆಗೆದು ಆಮೇಲೆ ಸ್ಯಾಂಪಲ್. ಅಲ್ಲೀತನಕ ಆ ಕಡೆ ಮುಟ್ಬೇಡಿ ಆಂಟಿ,” ಎಂದಳು.

“ಮುಟ್ಟಾಂಗಿಲ್ಲವಾ.”

ಆ ದಿನ ನನ್ನ ಕೆಲಸ ಪಕ್ಕದ ಭಾಗದ್ದು. ಹಿಂದೆ ಯಾವಾಗಲೋ ಯಾರೋ ಮಾಡಿದ ಕೆಟ್ಟ ರಿಪೇರಿಯನ್ನು ಬಿಚ್ಚುವುದು, ಸಡಿಲವಾದ ಕಡೆ ಕೆಳಗೊಂದು ತೆಳು ಬಟ್ಟೆ ಕೊಟ್ಟು ಆಧಾರದ ಹೊಲಿಗೆ ಹಾಕುವುದು. ಬಿಚ್ಚಿದ ದಾರವೂ ನನ್ನ ಹೊಸ ದಾರದ ತುಂಡುಗಳೂ ಏಪ್ರನ್ನಿನ ಮಡಿಲಲ್ಲಿ ಬೀಳುತ್ತಿದ್ದವು. ಟೇಬಲ್ಲಿನ ಹತ್ತಿರ ಫೋನ್ ತರಬಾರದೆಂಬ ನಿಯಮವಿತ್ತು. ನಾನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಮಗಳಿಗೆ ದಿನ ತುಂಬಲು ಇನ್ನೂ ಎರಡು ವಾರವಿತ್ತು, ಆದರೂ ಮನಸ್ಸು ಅರ್ಧ ತಾಸಿನ ದಾರಿಯ ಲೂಯಿಸ್‌ವಿಲ್‌ನ ಅವಳ ಮನೆಯಲ್ಲೇ ಇತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಫೋನ್ ಬಂತು. ಅಳಿಯ ಕೂಗುತ್ತಿದ್ದ: “ಅತ್ತೀ, ಹೆಣ್ಣು ಆತ್ರಿ! ಇಬ್ರೂ ಆರಾಮ ಅದಾರ್ರಿ. ಮುಂಜಾನೆ ಆಸ್ಪತ್ರಿಗೆ ಓಡಿದ್ವಿ, ನಿಮಗ ಹೇಳಾಕ ಪುರಸೊತ್ತ ಆಗ್ಲಿಲ್ರಿ. ಮೂಗು ನಿಮ್ಮದೇ ನೋಡ್ರಿ!”

ನಾನು ಏನು ಹೇಳಿದೆನೋ ನೆನಪಿಲ್ಲ. ನಕ್ಕೆ, ಅತ್ತೆ, ಖೋಲಿಯಲ್ಲಿ ಯಾರೂ ಇಲ್ಲದಿದ್ದರೂ ಗೋಡೆಗೆ ಕೈ ಮುಗಿದೆ. ನನ್ನ ಮೂಗು! ಮೈಯೆಲ್ಲ ಹಗುರಾಗಿ ಕೆಲಸಕ್ಕೆ ಮರಳಿದೆ. ಇನ್ನೊಂದು ತಾಸಿನಲ್ಲಿ ಮುಗಿಸಿ ಓಡಬೇಕು. ಕಣ್ಣು ಬಟ್ಟೆಯ ಮೇಲಿತ್ತು, ಆದರೆ ಕಾಣುತ್ತಿದ್ದದ್ದು ಕೂಸು. ಕೈ ತನ್ನಷ್ಟಕ್ಕೆ ನಡೆಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡುತ್ತೇನೆ, ನಾಲ್ಕನೆಯವನ ಹಿಂಬದಿ ಅವ್ವನ ಕಸೂತಿಯಂತೆ ನುಣ್ಣಗಿದೆ. ಗಂಟಿಲ್ಲ. ಕತ್ತರಿ ನನ್ನ ಬೆರಳಿನಲ್ಲೇ ಇತ್ತು. ಐವತ್ತು ವರ್ಷದಿಂದ ಎಲ್ಲಿ ಗಂಟು ಕಂಡರೂ ಸೂಜಿಮೊನೆಯಿಂದ ಬಿಚ್ಚಿ, ಬಾಲ ಕತ್ತರಿಸಿ, ತುದಿ ಅಡಗಿಸಿದ ಕೈ. ಇಲ್ಲಿಯೂ ಅದನ್ನೇ ಮಾಡಿತ್ತು.

ಮಡಿಲು ನೋಡಿದೆ. ಹಳದಿ ತುಂಡುಗಳ ರಾಶಿ.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಅಂಥದೇ ಗಂಟನ್ನು ಮತ್ತೆ ಹಾಕುವುದು ನನಗೆ ಐದು ನಿಮಿಷದ ಕೆಲಸ. ರಾಶಿಯಿಂದ ಹಳೆಯ ದಾರದ ಎರಡು ತುಂಡು ಆರಿಸಿದೆ. ಸೂಜಿಗೆ ಪೋಣಿಸಿಯೂ ಆಯಿತು. ನಾಳೆ ಫೋಟೋ ತೆಗೆಯುತ್ತಾರೆ, ಆಸ್ಟಿನ್‌ನವರು ಏನೋ ಒಂದು ಉತ್ತರ ಕೊಡುತ್ತಾರೆ, ಶಾಲಿನಿಯ ನೌಕರಿ ಉಳಿಯುತ್ತದೆ. ಸೂಜಿ ಬಟ್ಟೆಗೆ ತಾಗಿದಾಗ ಕೈ ನಿಂತಿತು. ಯಾವ ದಾರ ಮೊದಲಿನವರದು, ಯಾವುದು ಆಮೇಲಿನವರದು? ನನಗೇ ಗೊತ್ತಿಲ್ಲ. ಈಗ ನಾನು ಗಂಟು ಹಾಕಿದರೆ ಸತ್ತವರ ಬಾಯಲ್ಲಿ ನನ್ನ ಸುಳ್ಳು ತುರುಕಿದ ಹಾಗೆ. ಅವರು ಓಡಿದರೋ, ಸೆರೆಯಾದರೋ, ಕುಳಿತಲ್ಲೇ ಸತ್ತರೋ, ಅದನ್ನು ನಾನು ತೀರ್ಮಾನ ಮಾಡಿದ ಹಾಗೆ.

ಪಕ್ಕದ ಖೋಲಿಗೆ ಕೂಗಿದೆ: “ಶಾಲಿನಿ, ಇಲ್ಲಿ ಬಾರವಾ.”

“ಏನಾಯ್ತು ಆಂಟಿ? ಮಗಳಿಗೆ...?”

“ಅಕಿ ಆರಾಮ ಅದಾಳ. ಮೊಮ್ಮಗಳು ಹುಟ್ಟ್ಯಾಳ.”

“ಅಯ್ಯೋ, ಕಂಗ್ರಾಟ್ಸ್ ಆಂಟಿ! ಮತ್ತೆ ಯಾಕೆ ಅಳ್ತಿದೀರಾ?”

“ಗಂಟು ಕತ್ತರಿಸೀನಿ.”

ಅವಳು ನನ್ನ ಏಪ್ರನ್ನನ್ನು ನಾಲ್ಕು ಮೂಲೆ ಹಿಡಿದು ಬಿಚ್ಚಿಸಿ, ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ತುಂಡು ಇಟ್ಟು ನೋಡಿದಳು. ಹೊಸ ದಾರವೆಲ್ಲ ಬೇರೆಯಾಯಿತು. ಹಳೆಯವು ಒಂಬತ್ತು ಉಳಿದವು. ಅದರಲ್ಲಿ ಏಳು ಹಳೆಯ ರಿಪೇರಿಯವು, ಎರಡು ಗಂಟಿನವು. ರಿಪೇರಿ ಮಾಡಿದವರು ಕಾಡುರೇಷ್ಮೆಯನ್ನೂ ಬಳಸಿದ್ದರು, ಸಾಕಿದ ರೇಷ್ಮೆಯನ್ನೂ ಬಳಸಿದ್ದರು. ಯಾವ ಎರಡು ಎಂದು ಹೇಳುವ ದಾರಿಯೇ ಇರಲಿಲ್ಲ. ನಾನು ಅಡಗಿಸಿದ ತುದಿಗಳು ಹೊಲಿಗೆಯೊಳಗೆ ಸೇರಿಹೋಗಿದ್ದವು, ಕರಾರಿನಂತೆ ಅವನ್ನು ಮುಟ್ಟುವ ಹಾಗಿರಲಿಲ್ಲ. ಆಸ್ಟಿನ್‌ನವರಿಗೆ ಫೋನ್ ಮಾಡಿದಳು. ಎಲ್ಲಿಂದ ಬಂತೆಂದು ದಾಖಲೆಯಿಲ್ಲದ ದಾರ ಕಳಿಸಬೇಡಿ ಎಂದರು.

ಆಮೇಲೆ ಅವಳು ಕಂಡೀಷನ್ ರಿಪೋರ್ಟ್ ತೆರೆದಳು. ಅದು ವಸ್ತುವಿನ ಜಾತಕವಿದ್ದಂತೆ. ಅದಕ್ಕೆ ಏನೇನಾಯಿತು, ಯಾರು ಏನು ಮಾಡಿದರು, ಎಲ್ಲವನ್ನೂ ಬರೆಯುವ ಕಡತ. ವಸ್ತು ಎಲ್ಲಿಗೆ ಹೋದರೂ ಅದೂ ಜೊತೆಗೆ ಹೋಗುತ್ತದೆ.

“ಇನ್ನೊಂದು ಗಂಟು ಹಾಕಿ ಹೇಳದೇ ಇದ್ದಿದ್ರೆ ನನಗೂ ಗೊತ್ತಾಗ್ತಿರ್ಲಿಲ್ಲ ಆಂಟಿ.”

“ಗೊತ್ತೈತಿ. ಸೂಜಿ ಪೋಣಿಸಿದ್ದೆ. ಅದನ್ನೂ ಬರಿ.”

“ಅದು ಬೇಡ,” ಎಂದಳು. “ಹೋಗಿ, ಕೂಸು ನೋಡಿ.”

ಹೋದೆ. ಎತ್ತಿಕೊಂಡೆ. ನನ್ನದೇ ಮೂಗು, ಬೆರಳೊಂದೊಂದೂ ಮಲ್ಲಿಗೆ ಮೊಗ್ಗು. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ, ಇಷ್ಟು ಸಂಕಟವೂ.

ಲ್ಯಾಬಿನವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಟೇಬಲ್ಲಿನಿಂದ ಎಬ್ಬಿಸಿ ಅಸ್ತರಿ ಕತ್ತರಿಸುವ ಕಡೆ ಹಾಕಿದರು. ಡಿಸೆಂಬರಿನಲ್ಲಿ ಶಾಲಿನಿಯ ಕಾಂಟ್ರ್ಯಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನು ಕೇಳಬೇಕಾಗಿಯೂ ಇರಲಿಲ್ಲ. ಅವಳು ಬೇರೆ ರಾಜ್ಯಕ್ಕೆ ಶಿಫ್ಟ್ ಆದಳು. ಹೊರಡುವ ಮುಂಚೆ ಕೂಸು ನೋಡಲು ಬಂದು, ಅರ್ಧ ತಾಸು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಮರುವರ್ಷ ಕೌದಿ ಹ್ಯೂಸ್ಟನ್‌ನ ಪ್ರದರ್ಶನಕ್ಕೆ ಹೋಯಿತು. ಮಗಳು ಡ್ರೈವ್ ಮಾಡಿ ಕರೆದುಕೊಂಡು ಹೋದಳು. ಗಾಜಿನೊಳಗೆ ಹ್ಯಾಟಿನವರು, ನಾಯಿಗಳು, ದೋಣಿ. ಕೆಳಗಿನ ಚೀಟಿಯನ್ನು ಮಗಳು ಓದಿ ಹೇಳಿದಳು: ಬಂಗಾಳ, ಪೋರ್ಚುಗೀಸ್ ಮಾರುಕಟ್ಟೆಗಾಗಿ, ಒಂದು ಮೂಲೆ ಬೇರೆಯವರು ಮುಗಿಸಿದ್ದು, ಕಾರಣ ತಿಳಿದಿಲ್ಲ, ಹೊಲಿದವರ ಹೆಸರು ತಿಳಿದಿಲ್ಲ.

ಆ ಉದ್ಯೋಗ ನನಗೆ ಕಲಿಸಿದ್ದು ಇದು: ಇನ್ನೊಬ್ಬರ ಕೆಲಸದಲ್ಲಿ ನಮ್ಮ ಕಣ್ಣಿಗೆ ತಪ್ಪಾಗಿ ಕಂಡದ್ದನ್ನು ಚೊಕ್ಕ ಮಾಡುವ ಮುಂಚೆ ಕೈ ಕಟ್ಟಿ ಕೂರಬೇಕು. ಅವರು ಇದ್ದರೆಂಬುದಕ್ಕೆ ಉಳಿದ ಗುರುತು ಅದೊಂದೇ ಇರಬಹುದು. ವರ್ಷಗಟ್ಟಲೆ ಕುಳಿತು ಆ ಕೌದಿ ಹೊಲಿದವರ ಹೆಸರು ಯಾವ ವ್ಯಾಪಾರಿಯೂ ಬರೆಯಲಿಲ್ಲ, ಯಾವ ಬಾದಶಹನೂ ಬರೆಸಲಿಲ್ಲ. ಒಂದು ಕ್ಷಣ ಕತ್ತರಿ ಆಡಿಸಿದ ನನ್ನ ಹೆಸರು ಮಾತ್ರ, ಊರು ಕೆಲಸ ಸಮೇತ, ಅದರ ಕಡತದಲ್ಲಿ ಸ್ಪಷ್ಟವಾಗಿ ಇದೆ.